ಕಾಲುಬಾಯಿ ಜ್ವರದ ಟೊಳ್ಳು ಕವಚ ಲಸಿಕೆ: 3ಸಿ ಪ್ರೋಟಿಯೇಸನ್ನು ಹದಕ್ಕೆ ತರುವುದು ಹೇಗೆ

ಕಾಲುಬಾಯಿ ಜ್ವರದ ವೈರಸ್ಸಿನ ಟೊಳ್ಳು ಕವಚ, ಅಂದರೆ ಒಳಗೆ ಆರ್‌ಎನ್‌ಎ ಇಲ್ಲದ ಬರೀ ಹೊರಚಿಪ್ಪು, ಮಾಡಲು ಹೊರಟವರಿಗೆ ಶುರುವಿನಲ್ಲಿ ಹೆಚ್ಚುಕಡಿಮೆ ಒಂದೇ ಅನುಭವ ಆಗುತ್ತದೆ. ಜೀನ್ ಸರಿ ಇದೆ, ಕೋಶದೊಳಗೆ ಹೋಗಿದೆ, ಸೀಕ್ವೆನ್ಸ್ ಕೂಡ ನೋಡಿಯಾಗಿದೆ. ಆದರೆ ಬ್ಲಾಟ್ ತೆಗೆದರೆ ಪಟ್ಟಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಆಗ ಪ್ರೊಮೋಟರ್ ಬದಲಿಸುತ್ತೇವೆ, ಕೋಡಾನ್ ತಿದ್ದುತ್ತೇವೆ, ಡಿಎನ್‌ಎ ಜಾಸ್ತಿ ಹಾಕುತ್ತೇವೆ. ಜಾಸ್ತಿ ಹಾಕಿದಷ್ಟೂ ಪಟ್ಟಿ ಇನ್ನೂ ತೆಳುವಾಗುತ್ತದೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು 3ಸಿ ಪ್ರೋಟಿಯೇಸನ್ನು, ಅಂದರೆ ಕವಚದ ಪ್ರೋಟೀನನ್ನು ತುಂಡು ಮಾಡುವ ವೈರಸ್ಸಿನದೇ ಕಿಣ್ವವನ್ನು. ಅದು ಇಲ್ಲದೆ ಕವಚ ಆಗುವುದಿಲ್ಲ, ಜಾಸ್ತಿ ಇದ್ದರೂ ಆಗುವುದಿಲ್ಲ. ಅದನ್ನು ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದೇ ಈ ಬರಹದ ವಿಷಯ. ಪ್ರೋಟೀನ್ ಎಕ್ಸ್‌ಪ್ರೆಶನ್, ವೆಸ್ಟರ್ನ್ ಬ್ಲಾಟ್ ಇವು ಒಂದಷ್ಟು ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಇಷ್ಟು ಕಷ್ಟ ಯಾಕೆ ಪಡಬೇಕು ಅಂದರೆ, ಈಗ ಬಳಕೆಯಲ್ಲಿರುವ ಲಸಿಕೆಗಳನ್ನು ಬಹುತೇಕ ಜೀವಂತ ವೈರಸ್ಸಿನಿಂದಲೇ ಮಾಡುತ್ತಾರೆ. ಬಿಎಚ್‌ಕೆ (ಹ್ಯಾಮ್‌ಸ್ಟರ್ ಮೂತ್ರಪಿಂಡದ) ಕೋಶಗಳಲ್ಲಿ ವೈರಸ್ಸನ್ನು ಲೀಟರ್‌ಗಟ್ಟಲೆ ಬೆಳೆಸಿ, ಬೈನರಿ ಎಥಿಲೀನ್‌ಇಮೈನ್ ಹಾಕಿ ಕೊಂದು, ಶುದ್ಧ ಮಾಡಿ ಕೊಡುವ ಲಸಿಕೆ ಅದು. ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಖಾನೆಯೊಳಗೆ ಅಷ್ಟೊಂದು ಜೀವಂತ ವೈರಸ್ ಇಟ್ಟುಕೊಳ್ಳುವುದೇ ಒಂದು ಅಪಾಯ. 2007ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಹರಡಿದ ರೋಗದ ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪಿರ್‌ಬ್ರೈಟ್‌ನ ಪ್ರಯೋಗಾಲಯ ಆವರಣದ ಸೋರುವ ಚರಂಡಿ ಕೊಳವೆ. ಟೊಳ್ಳು ಕವಚದಲ್ಲಿ ಆರ್‌ಎನ್‌ಎ ಇರುವುದಿಲ್ಲ. ಸೋರಿದರೂ ರೋಗ ಬರುವುದಿಲ್ಲ.

ಕವಚ ಹೇಗೆ ಆಗುತ್ತದೆ

ಈ ವೈರಸ್ಸಿನ ಜೀನೋಮ್ ಸುಮಾರು 8,400 ಬೇಸ್‌ಗಳ ಒಂದೇ ಎಳೆ ಆರ್‌ಎನ್‌ಎ. ಅದರಿಂದ ಒಂದೇ ಉದ್ದದ ಪ್ರೋಟೀನ್ ಆಗುತ್ತದೆ, ಆಮೇಲೆ ಅದು ತುಂಡಾಗುತ್ತದೆ. ಕವಚಕ್ಕೆ ಬೇಕಾದ ತುಂಡಿಗೆ ಪಿ1-2ಎ ಅಂತ ಹೆಸರು. 3ಸಿ ಅದನ್ನು ಕತ್ತರಿಸಿ ವಿಪಿ0, ವಿಪಿ3, ವಿಪಿ1 ಅಂತ ಮೂರು ಮಾಡುತ್ತದೆ. ಒಂದು ಪಿ1ನಿಂದ ಬಂದ ಈ ಮೂರೂ ಸೇರಿ ಒಂದು ಘಟಕ. ಅಂಥ ಐದು ಘಟಕ ಸೇರಿದರೆ ಪೆಂಟಮರ್, ಹನ್ನೆರಡು ಪೆಂಟಮರ್ ಸೇರಿದರೆ ಕವಚ. ಅಂದರೆ ಪ್ರತಿಯೊಂದರ 60 ಪ್ರತಿ. ಪೆಂಟಮರನ್ನು 12ಎಸ್, ಟೊಳ್ಳು ಕವಚವನ್ನು 75ಎಸ್, ಆರ್‌ಎನ್‌ಎ ತುಂಬಿದ ಪೂರ್ತಿ ವೈರಸ್ಸನ್ನು 146ಎಸ್ ಅಂತ ಕರೆಯುವುದು ವಾಡಿಕೆ; ಎಸ್ ಅಂದರೆ ಜೋರಾಗಿ ತಿರುಗಿಸಿದಾಗ ಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಅನ್ನುವ ಅಳತೆ. ಈ ಸಂಖ್ಯೆಗಳು ಮುಂದೆ ಮತ್ತೆ ಬರುತ್ತವೆ. ವಿಪಿ0 ಮತ್ತೆ ಒಡೆದು ವಿಪಿ4, ವಿಪಿ2 ಆಗುವುದು ಸಾಮಾನ್ಯವಾಗಿ ಆರ್‌ಎನ್‌ಎ ಒಳಗೆ ಸೇರುವ ಹಂತದಲ್ಲಿ, ಅದಕ್ಕೂ 3ಸಿಗೂ ಸಂಬಂಧವಿಲ್ಲ. ಹಾಗಾಗಿ ನಿಮ್ಮ ಬ್ಲಾಟ್‌ನಲ್ಲಿ ವಿಪಿ0 ಒಡೆಯದೆ ಉಳಿದರೆ ಗಾಬರಿ ಬೇಡ.

3ಸಿ 213 ಅಮೈನೋ ಆಮ್ಲಗಳ ಪುಟ್ಟ ಕಿಣ್ವ. ಆಕಾರ ಕೈಮೋಟ್ರಿಪ್ಸಿನ್‌ನದು, ಆದರೆ ಕತ್ತರಿಸುವ ಕೆಲಸ ಸಿಸ್ಟೀನ್‌ನದು: 163ನೇ ಸಿಸ್ಟೀನ್, ಅದಕ್ಕೆ ಜೊತೆಯಾಗಿ 46ನೇ ಹಿಸ್ಟಿಡಿನ್ ಮತ್ತು 84ನೇ ಆಸ್ಪಾರ್ಟೇಟ್. ತೊಂದರೆ ಏನಪ್ಪಾ ಅಂದರೆ ಇದಕ್ಕೆ ಚೌಕಾಸಿ ಕಡಿಮೆ. ಇದೇ ಕುಟುಂಬದ ಬೇರೆ ವೈರಸ್ಸುಗಳ 3ಸಿ ಹೆಚ್ಚಾಗಿ ಗ್ಲುಟಮೈನ್ ಆದಮೇಲೆ ಗ್ಲೈಸಿನ್ ಬಂದ ಜಾಗ ನೋಡಿ ಕತ್ತರಿಸಿದರೆ, ಇದು ಗ್ಲುಟಮೈನ್ ಇದ್ದರೂ ಸೈ, ಗ್ಲುಟಮಿಕ್ ಆಮ್ಲ ಇದ್ದರೂ ಸೈ ಅನ್ನುತ್ತದೆ. ಕೋಶದ ಸ್ವಂತ ಪ್ರೋಟೀನ್‌ಗಳನ್ನೂ ಬಿಡುವುದಿಲ್ಲ. ಅನುವಾದ ಶುರು ಮಾಡಲು ಬೇಕಾದ ಇಐಎಫ್4ಎ, ಇಐಎಫ್4ಜಿ, ಕ್ರೋಮಾಟಿನ್‌ನ ಹಿಸ್ಟೋನ್ ಎಚ್3, ಇಂಟರ್‌ಫೆರಾನ್ ದಾರಿಯ ನೀಮೋ, ಇವೆಲ್ಲ ಅದರ ಬಾಯಿಗೆ ಬಿದ್ದವೇ. ಇಐಎಫ್4ಎ, 4ಜಿ ಹೋದರೆ ನಿಮ್ಮ ಪಿ1 ಎಂಆರ್‌ಎನ್‌ಎ ಓದುವ ಯಂತ್ರವೇ ಕೆಡುತ್ತದೆ. ಕೂತ ಕೊಂಬೆಯನ್ನೇ ಕಡಿಯುವ ಗಿರಾಕಿ.

ಜೀನ್ ತುಂಡು ಎಲ್ಲಿಂದ ಎಲ್ಲಿವರೆಗೆ

ಜೀನೋಮ್‌ನಲ್ಲಿ ಪಿ1ಗಿಂತ ಮೊದಲು ಎಲ್ ಅಂತ ಇನ್ನೊಂದು ಪ್ರೋಟಿಯೇಸ್ ಇದೆ. ಅದನ್ನು ಬಿಟ್ಟುಬಿಡಿ. ಅದೂ ಇಐಎಫ್4ಜಿಯನ್ನೇ ಕತ್ತರಿಸುತ್ತದೆ, ಇನ್ನೂ ಜೋರಾಗಿ. ಕವಚಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಪಿ1 ಶುರುವಾಗುವ ಜಾಗದಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿನ ಮೊದಲ ಅಮೈನೋ ಆಮ್ಲ ಗ್ಲೈಸಿನ್, ಸಾಲು ಹೀಗೆ ಹೋಗುತ್ತದೆ: ಜಿ-ಎ-ಜಿ-ಕ್ಯೂ-ಎಸ್-ಎಸ್. ಆ ಗ್ಲೈಸಿನ್‌ಗೆ ಕೋಶ ಮಿರಿಸ್ಟಿಕ್ ಆಮ್ಲ ಅಂಟಿಸುತ್ತದೆ, ಕವಚ ಸರಿಯಾಗಿ ಕೂಡಿಕೊಳ್ಳಲು ಅದು ಬೇಕು. ಎಲ್ ತೆಗೆದಮೇಲೆ ನೀವು ಎಟಿಜಿ (ಓದು ಶುರು ಮಾಡಿಸುವ, ಮೆಥಿಯೋನಿನ್‌ನ ಕೋಡಾನ್) ಸೇರಿಸಬೇಕಲ್ವಾ, ಅದನ್ನು ನೇರವಾಗಿ ಆ ಗ್ಲೈಸಿನ್ ಮುಂದೆಯೇ ಇಡಿ. ಕೋಶ ಮೆಥಿಯೋನಿನ್ ಕಳಚಿ ಹಾಕುತ್ತದೆ, ಗ್ಲೈಸಿನ್ ಹೊರಬರುತ್ತದೆ. ಶುದ್ಧ ಮಾಡಲು ಸುಲಭ ಅಂತ ಅಲ್ಲಿ ಹಿಸ್ಟಿಡಿನ್ ಟ್ಯಾಗ್ ಹಾಕುವ ಆಸೆ ಬರುತ್ತದೆ. ಬೇಡ, ಮಿರಿಸ್ಟಿಕ್ ಅಂಟಿಸುವ ಜಾಗವನ್ನೇ ಮುಚ್ಚಿದಂತಾಗುತ್ತದೆ. ಸಾಮಾನ್ಯ ಇ. ಕೋಲಿಯಲ್ಲಿ ಈ ಅಂಟಿಸುವ ಕಿಣ್ವವೇ ಇಲ್ಲ ಅನ್ನುವುದೂ ನೆನಪಿರಲಿ.

ಪಿ1 ಕೊನೆಯಲ್ಲಿ 2ಎ ಇಟ್ಟುಕೊಳ್ಳಿ. ಅದು ಬರೀ 18 ಅಮೈನೋ ಆಮ್ಲ, ಆದರೂ ಬಹಳ ಉಪಯೋಗಿ. ಅದರ ತುದಿಯಲ್ಲಿ ರೈಬೋಸೋಮ್ ಒಂದು ಪೆಪ್ಟೈಡ್ ಬಂಧ ಹಾಕುವುದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಮುಂದೆ ಬರುವ ಪ್ರೋಟೀನ್ ತಾನಾಗಿಯೇ ಬೇರೆ ಆಗುತ್ತದೆ. ಇದಕ್ಕೆ 3ಸಿ ಬೇಕಿಲ್ಲ.

3ಎ, 3ಬಿ, 3ಡಿ ತುಂಡುಗಳನ್ನು ಸುಮ್ನೆ ಅಕ್ಕಪಕ್ಕ ಇವೆ ಅಂತ ಸೇರಿಸಬೇಡಿ. ಲಸಿಕೆ ಹಾಕಿದ ಪ್ರಾಣಿಯನ್ನೂ ಸೋಂಕು ತಗುಲಿದ ಪ್ರಾಣಿಯನ್ನೂ ಬೇರೆ ಮಾಡುವ ಎಲೈಸಾ ಪರೀಕ್ಷೆಗಳು ಕವಚದಲ್ಲಿಲ್ಲದ ಪ್ರೋಟೀನ್‌ಗಳಿಗೆ, ಅದರಲ್ಲೂ 3ಎಬಿಸಿಗೆ, ಹುಟ್ಟಿದ ಪ್ರತಿಕಾಯ ನೋಡುತ್ತವೆ. ಲಸಿಕೆಯಲ್ಲೇ ಆ ತುಂಡುಗಳಿದ್ದರೆ ಪರೀಕ್ಷೆ ಗೊಂದಲಕ್ಕೆ ಬೀಳುತ್ತದೆ.

3ಸಿಯನ್ನು ತಗ್ಗಿಸುವ ದಾರಿಗಳು

ದಾರಿ ಎರಡು: ಕಿಣ್ವವನ್ನು ಕಡಿಮೆ ಮಾಡಿಸುವುದು, ಇಲ್ಲವೇ ಕಿಣ್ವದ ಹಲ್ಲು ಮೊಂಡು ಮಾಡುವುದು. ಎರಡನ್ನೂ ಒಟ್ಟಿಗೆ ಮಾಡಿದರೂ ನಡೆಯುತ್ತದೆ.

ಕಡಿಮೆ ಮಾಡಿಸಲು ತೋಚುವ ಮೊದಲ ಉಪಾಯ ಎಂದರೆ ಪಿ1ನ್ನು ಒಂದು ಬ್ಯಾಕ್ಯುಲೋವೈರಸ್‌ನಲ್ಲಿ (ಕೀಟಕೋಶಗಳಿಗೆ ಜೀನ್ ಒಯ್ಯುವ ವೈರಸ್), 3ಸಿಯನ್ನು ಇನ್ನೊಂದರಲ್ಲಿ ಇಟ್ಟು ಬೇಕಾದ ಪ್ರಮಾಣದಲ್ಲಿ ಬೆರೆಸುವುದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಕೋಶಕ್ಕೆ ಎರಡೂ ಬರುತ್ತವೆ, ಇನ್ನೊಂದಕ್ಕೆ ಬರೀ ಪಿ1, ಮತ್ತೊಂದಕ್ಕೆ ಬರೀ 3ಸಿ. ಸರಾಸರಿ ಸರಿ ಇದ್ದರೂ ಯಾವ ಕೋಶದಲ್ಲೂ ಹದ ಸರಿ ಇರುವುದಿಲ್ಲ. ಪ್ರಮಾಣ ಹುಡುಕುವ ಹಂತಕ್ಕೆ ಇದು ಪರವಾಗಿಲ್ಲ, ಉತ್ಪಾದನೆಗೆ ನಾನು ಇದನ್ನು ಆರಿಸುವುದಿಲ್ಲ.

ನನಗೆ ತುಂಬಾ ಹಿಡಿಸಿದ ಉಪಾಯ ಫ್ರೇಮ್‌ಶಿಫ್ಟ್‌ನದು. ಎಚ್‌ಐವಿ ತನ್ನ ಪ್ರೋಟೀನ್‌ಗಳ ಪ್ರಮಾಣ ಸರಿಯಾಗಿಡಲು ಒಂದು ಜಾರುವ ಜಾಗ ಇಟ್ಟುಕೊಂಡಿದೆ: ಆರ್‌ಎನ್‌ಎಯಲ್ಲಿ ಸಾಲಾಗಿ ಆರು ಯು, ಆಮೇಲೆ ಒಂದು ಎ, ಅದಾದಮೇಲೆ ಮಡಚಿಕೊಂಡ ಒಂದು ಕುಣಿಕೆ. ಅಲ್ಲಿ ಬಂದ ರೈಬೋಸೋಮ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಒಂದು ಬೇಸ್ ಹಿಂದಕ್ಕೆ ಜಾರಿ ಬೇರೆ ಫ್ರೇಮ್‌ನಲ್ಲಿ ಓದು ಮುಂದುವರಿಸುತ್ತವೆ. ಪಿ1-2ಎ ಆದಮೇಲೆ ಈ ಜಾರುವ ಜಾಗ ಇಟ್ಟು, 3ಸಿಯನ್ನು ಆ ಜಾರಿದ ಫ್ರೇಮ್‌ನಲ್ಲಿ ಬರೆದರೆ ಆಯಿತು. ಜಾರದ ರೈಬೋಸೋಮ್‌ಗಳು ಪಿ1-2ಎ ಮಾಡಿ ಸ್ಟಾಪ್ ಕೋಡಾನ್‌ನಲ್ಲಿ ನಿಲ್ಲುತ್ತವೆ, ಜಾರಿದವು ಮಾತ್ರ 3ಸಿ ಮಾಡುತ್ತವೆ. ಎರಡೂ ಒಂದೇ ಎಂಆರ್‌ಎನ್‌ಎಯಿಂದ ಬರುವುದರಿಂದ ಪ್ರತಿ ಕೋಶದಲ್ಲೂ ಪ್ರಮಾಣ ಹೆಚ್ಚುಕಡಿಮೆ ಅದೇ. ಕೀಟಕೋಶಗಳಲ್ಲಿ ಈ ದಾರಿಯಿಂದ ಕವಚದ ಇಳುವರಿ ಏರಿದ್ದನ್ನು 2013ರಲ್ಲಿ ಪ್ರಕಟಿಸಿದ್ದಾರೆ. ಕೋಡಾನ್ ತಿದ್ದುವ ಸಾಫ್ಟ್‌ವೇರ್‌ಗೆ ಈ ಭಾಗವನ್ನು ಕೊಡಬೇಡಿ. ಅದಕ್ಕೆ ಜಾರುವ ಜಾಗ ಗೊತ್ತಾಗುವುದಿಲ್ಲ, ಆರು ಯು ಕಂಡ ಕೂಡಲೇ ಅಂದ ಮಾಡಿ ಬಿಸಾಕುತ್ತದೆ.

ಹಲ್ಲು ಮೊಂಡು ಮಾಡಲು ಒಂದೊಂದೇ ಅಮೈನೋ ಆಮ್ಲ ಬದಲಿಸಬೇಕು. 3ಸಿ ಸೀಕ್ವೆನ್ಸ್ ತೆರೆದು ಜಿ-ವೈ-ಸಿ-ಜಿ-ಜಿ ಅನ್ನುವ ಸಾಲು ಹುಡುಕಿ. ನಡುವಿನ ಸಿ ಇದೆಯಲ್ಲ, ಅದೇ 163. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋದರೆ 142ರಲ್ಲಿ ಇನ್ನೊಂದು ಸಿಸ್ಟೀನ್ ಸಿಗುತ್ತದೆ. ಅದು ಕತ್ತರಿಸುವ ಸೀಳಿನ ಮೇಲೆ ಬಾಗಿ ಕೂತ ಒಂದು ಪಟ್ಟಿಯ ತುದಿಯಲ್ಲಿದೆ. ಅದನ್ನು ಥ್ರಿಯೋನಿನ್ ಮಾಡಿದರೆ ಕತ್ತರಿಸುವ ವೇಗ ಇಳಿಯುತ್ತದೆ, ಸಾಯುವುದಿಲ್ಲ. ಇನ್ನೂ ಹಿಂದೆ ಜಿ-ಆರ್-ಎಲ್-ಐ-ಎಫ್ ಸಾಲಿನಲ್ಲಿ ನಡುವಿನ ಲ್ಯೂಸಿನ್ 127ನೆಯದು. ಅದನ್ನು ಪ್ರೋಲಿನ್ ಮಾಡಿದಾಗ ಪಿ1 ಕತ್ತರಿಸುವುದು ಉಳಿದು ಕೋಶಕ್ಕಾಗುವ ಹಾನಿ ಕಡಿಮೆಯಾಗಿದ್ದನ್ನು ಅಮೆರಿಕದ ಪ್ಲಮ್ ಐಲೆಂಡ್ ಕೇಂದ್ರದವರು ತೋರಿಸಿದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ಸಸ್ತನಿ ಕೋಶಗಳಲ್ಲಿ ಕೆಲಸ ಮಾಡುವವರು 127ರಿಂದ ಶುರು ಮಾಡಿ ಅನ್ನುತ್ತೇನೆ. ಕೀಟಕೋಶದವರು ಫ್ರೇಮ್‌ಶಿಫ್ಟ್ ಜೊತೆ 142.

ನಿಮ್ಮ ಸೀಕ್ವೆನ್ಸ್‌ನಲ್ಲಿ ಟ್ಯಾಗ್ ಅಥವಾ ಎಟಿಜಿ ಸೇರಿಸಿದ್ದರೆ ಸಂಖ್ಯೆ ಸರಿದು ಹೋಗುತ್ತದೆ. ಅದಕ್ಕೇ ಸಂಖ್ಯೆ ನಂಬದೆ ಸಾಲು ನೋಡಿ ಎಣಿಸಿ.

ಹದ ನೋಡುವ ಪ್ರಯೋಗ

ಇದೇ ಎಲ್ಲಕ್ಕಿಂತ ಮುಖ್ಯ, ಅವಸರದಲ್ಲಿ ಬಿಟ್ಟುಹೋಗುವುದೂ ಇದೇ.

ಮೊದಲು ಒಂದು ಸತ್ತ 3ಸಿ ಮಾಡಿಟ್ಟುಕೊಳ್ಳಿ, ಅಂದರೆ 163ನೇ ಸಿಸ್ಟೀನನ್ನು ಅಲನಿನ್ ಅಥವಾ ಸೆರಿನ್ ಮಾಡಿದ್ದು. ಪಿ1 ಪಕ್ಕ ಇದನ್ನು ಹಾಕಿದರೆ ಏನೂ ಕತ್ತರಿಸುವುದಿಲ್ಲ, ಹಾಗಾಗಿ ನಿಮ್ಮ ಕೋಶ ಅಡ್ಡಿಯಿಲ್ಲದೆ ಎಷ್ಟು ಪಿ1 ಮಾಡಬಲ್ಲದು ಅನ್ನುವ ಅಳತೆ ಸಿಗುತ್ತದೆ. ಉಳಿದ ಎಲ್ಲವನ್ನೂ ಇದಕ್ಕೆ ಹೋಲಿಸಿ ನೋಡಬೇಕು. ಈ ಕಂಟ್ರೋಲ್ ಇಲ್ಲದ ಬ್ಲಾಟ್ ತೋರಿಸಿ ಇಳುವರಿ ಕಡಿಮೆ ಅಂದರೆ, ಯಾವುದಕ್ಕಿಂತ ಕಡಿಮೆ ಅಂತ ಕೇಳಬೇಕಾಗುತ್ತದೆ.

ಆಮೇಲೆ ಪಿ1 ಪ್ಲಾಸ್ಮಿಡ್ ಪ್ರಮಾಣ ಹಾಗೇ ಇಟ್ಟು 3ಸಿ ಪ್ಲಾಸ್ಮಿಡ್ಡನ್ನು ಮಾತ್ರ ಇಳಿಸುತ್ತಾ ಬನ್ನಿ: ಸಮ ಪ್ರಮಾಣ, ಮೂರರಲ್ಲಿ ಒಂದು, ಹತ್ತರಲ್ಲಿ ಒಂದು, ಮೂವತ್ತರಲ್ಲಿ ಒಂದು, ನೂರರಲ್ಲಿ ಒಂದು. ಒಟ್ಟು ಡಿಎನ್‌ಎ ಎಲ್ಲದರಲ್ಲೂ ಒಂದೇ ಇರಬೇಕು, ಕೊರತೆ ಬಿದ್ದಷ್ಟನ್ನು ಖಾಲಿ ವೆಕ್ಟರ್‌ನಿಂದ ತುಂಬಿ. ಮೂಲ 3ಸಿ, 142 ಬದಲಿಸಿದ್ದು, 127 ಬದಲಿಸಿದ್ದು ಮೂರಕ್ಕೂ ಇದೇ ಸಾಲು ಮಾಡಿ.

ಬ್ಲಾಟ್ ಓದುವುದು ಹೀಗೆ. ಕತ್ತರಿಸದ ಪಿ1 ಸುಮಾರು 80 ಕಿಲೋಡಾಲ್ಟನ್ ಹತ್ತಿರ ನಿಲ್ಲುತ್ತದೆ. ವಿಪಿ0 33ರ ಆಸುಪಾಸು. ವಿಪಿ1, ವಿಪಿ3 ಎರಡೂ 24ರ ಹತ್ತಿರ ಒಂದರ ಮೇಲೊಂದು ಕೂರುತ್ತವೆ, ಅದಕ್ಕೇ ಬೇರೆ ಬೇರೆ ಪ್ರತಿಕಾಯ ಇದ್ದರೆ ಒಳ್ಳೆಯದು. ನಡುವೆ 57 ಹತ್ತಿರ ಪಟ್ಟಿ ಕಂಡರೆ ವಿಪಿ0 ಮತ್ತು ವಿಪಿ3 ಇನ್ನೂ ಅಂಟಿಕೊಂಡಿವೆ, 47 ಹತ್ತಿರ ಕಂಡರೆ ವಿಪಿ3 ಮತ್ತು ವಿಪಿ1. ಈಗ ಸಾಲನ್ನು ಎಡದಿಂದ ಬಲಕ್ಕೆ ನೋಡಿ. 3ಸಿ ಜಾಸ್ತಿ ಇರುವ ಕಡೆ ಪಿ1 ಪೂರ್ತಿ ಮಾಯ, ಸಣ್ಣ ಪಟ್ಟಿಗಳೂ ಮಂಕು. ಮೊದಲ ನೋಟಕ್ಕೆ ಇದು ಪರಿಪೂರ್ಣ ಕತ್ತರಿಕೆ ಅನಿಸುತ್ತದೆ, ಆದರೆ ನಿಜವಾಗಿ ಕೋಶ ಪಿ1 ಮಾಡುವುದನ್ನೇ ನಿಲ್ಲಿಸಿದೆ. 3ಸಿ ತೀರಾ ಕಡಿಮೆ ಇರುವ ಕಡೆ 80ರ ಪಟ್ಟಿ ದಪ್ಪ, ಕೆಳಗೆ ಏನೂ ಇಲ್ಲ. ನಡುವೆ ಎಲ್ಲೋ ಒಂದು ಕಡೆ ವಿಪಿ0 ಪಟ್ಟಿ ಎಲ್ಲಕ್ಕಿಂತ ದಪ್ಪಗಿರುತ್ತದೆ, ಮೇಲೆ ಸ್ವಲ್ಪ ಪಿ1 ಉಳಿದೂ ಇರುತ್ತದೆ. ಆ ಉಳಿದ ಪಿ1 ನೋಡಿ ಕಸಿವಿಸಿ ಪಡಬೇಡಿ. ನೂರಕ್ಕೆ ನೂರು ಕತ್ತರಿಸಬೇಕು ಅನ್ನುವ ಹಟ ಹಿಡಿದರೆ ಒಟ್ಟು ಕವಚ ಕಡಿಮೆಯಾಗುತ್ತದೆ.

ಎಲ್ಲ ಗುಂಡಿಗೂ ಸಮ ಪ್ರೋಟೀನ್ ಹಾಕಿ ಆಕ್ಟಿನ್‌ಗೆ ಹೋಲಿಸುವ ಅಭ್ಯಾಸ ಇಲ್ಲಿ ಮೋಸ ಮಾಡಬಹುದು, ಯಾಕೆಂದರೆ 3ಸಿ ಕೋಶದ ಪ್ರೋಟೀನ್ ತಯಾರಿಕೆಯನ್ನೇ ತಗ್ಗಿಸುತ್ತದೆ, ಅಳತೆಗೋಲೇ ಕುಗ್ಗುತ್ತದೆ. ಸಮ ಸಂಖ್ಯೆಯ ಕೋಶ ಎಣಿಸಿ ಹಾಕುವುದು ಮೇಲು. ಸಸ್ತನಿ ಕೋಶ ಆದರೆ ಅದೇ ಮಾದರಿಯಲ್ಲಿ ಹಿಸ್ಟೋನ್ ಎಚ್3 ಕೂಡ ನೋಡಿ. 3ಸಿ ಅದರ ತಲೆಯ ಕಡೆಯಿಂದ (ಎನ್-ತುದಿ) 20 ಅಮೈನೋ ಆಮ್ಲ ಕತ್ತರಿಸುತ್ತದೆ, ಆದ್ದರಿಂದ ಮಾಮೂಲಿ ಪಟ್ಟಿಯ ಕೆಳಗೆ ಇನ್ನೊಂದು ಬರುತ್ತದೆ. ಪ್ರತಿಕಾಯ ಎಚ್3ಯ ಕೊನೆಯ ಕಡೆಯದ್ದಾಗಿರಬೇಕು (ಸಿ-ತುದಿ), ತಲೆ ಕಡೆಯದ್ದಾದರೆ ಕತ್ತರಿಸಿದ ಪಟ್ಟಿ ಕಾಣುವುದೇ ಇಲ್ಲ. ಆ ಕೆಳಗಿನ ಪಟ್ಟಿ ಜೋರಾಗಿದ್ದರೆ 3ಸಿ ಇನ್ನೂ ಜಾಸ್ತಿ ಇದೆ ಅಂತಲೇ ಲೆಕ್ಕ.

ಬ್ಯಾಕ್ಯುಲೋವೈರಸ್ ಮಾಡುವವರಿಗೆ ಇನ್ನೊಂದು ಮಾತು. 3ಸಿ ಜೋರಾಗಿದ್ದರೆ ಆ ವೈರಸ್ ಸರಿಯಾಗಿ ಬೆಳೆಯುವುದಿಲ್ಲ, ಪ್ಯಾಸೇಜ್ ಮಾಡುತ್ತಾ (ಹೊಸ ಕೋಶಗಳಿಗೆ ಮತ್ತೆ ಮತ್ತೆ ದಾಟಿಸಿ ಬೆಳೆಸುತ್ತಾ) ಹೋದಂತೆ 3ಸಿ ಕಳೆದುಕೊಂಡವೇ ಮುಂದೆ ಬರಬಹುದು. ಸ್ಟಾಕ್ ಬೇಗ ಫ್ರೀಜ್ ಮಾಡಿಟ್ಟುಕೊಂಡು ಕಡಿಮೆ ಪ್ಯಾಸೇಜ್‌ನಲ್ಲೇ ಕೆಲಸ ಮುಗಿಸಿ.

ಕತ್ತರಿಸಿತು ಸರಿ, ಕವಚ ಆಯಿತಾ?

ಬ್ಲಾಟ್‌ನಲ್ಲಿ ಮೂರು ಪಟ್ಟಿ ಬಂದರೆ ಕವಚ ಆಗಿದೆ ಅಂತ ಅರ್ಥವಲ್ಲ. 12ಎಸ್ ಪೆಂಟಮರ್‌ಗಳಾಗಿ ನಿಂತುಹೋಗಿರಬಹುದು. ಅವುಗಳಿಂದ ಬರುವ ರಕ್ಷಣೆ ಇಡೀ ಕವಚದ ರಕ್ಷಣೆಗೆ ಹೋಲಿಸಿದರೆ ಬಹಳ ಕಮ್ಮಿ. 15ರಿಂದ 45 ಶೇಕಡಾ ಸುಕ್ರೋಸ್ ಗ್ರೇಡಿಯಂಟ್ ಹಾಕಿ, ತುಂಡು ತುಂಡಾಗಿ ಇಳಿಸಿಕೊಂಡು, 75ಎಸ್ ಜಾಗದಲ್ಲಿ ವಿಪಿ0, ವಿಪಿ1, ವಿಪಿ3 ಮೂರೂ ಒಟ್ಟಿಗೆ ಇವೆಯಾ ನೋಡಿ. ಮಾಮೂಲಿ ಲಸಿಕೆಯವರು 146ಎಸ್ ಅಳೆಯಲು ನೇರಳಾತೀತ ಬೆಳಕನ್ನು ಆರ್‌ಎನ್‌ಎ ಎಷ್ಟು ಹೀರುತ್ತದೆ ಅಂತ ನೋಡುತ್ತಾರೆ. ಟೊಳ್ಳು ಕವಚದಲ್ಲಿ ಆರ್‌ಎನ್‌ಎ ಇಲ್ಲ, ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಸಿಕ್ಕರೆ 30 ನ್ಯಾನೋಮೀಟರ್ ಸುಮಾರಿನ, ನಡುವೆ ಕಪ್ಪಾದ ಉಂಗುರಗಳು ಕಾಣಬೇಕು. ಬಣ್ಣ ಒಳಗೆ ಇಳಿದಿರುವುದರಿಂದ ನಡು ಕಪ್ಪು.

ಕವಚ ಸಿಗದಿದ್ದರೆ 3ಸಿಗೆ ಬೈಯುವ ಮೊದಲು ಪಿಎಚ್ ನೋಡಿ. ಈ ಕವಚ ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಬಿಚ್ಚಿಕೊಂಡು ಪೆಂಟಮರ್ ಆಗುತ್ತದೆ. ಕೀಟಕೋಶ ಬೆಳೆಸುವ ಮೀಡಿಯಂನ ಪಿಎಚ್ ಸಾಮಾನ್ಯವಾಗಿ 6.2ರ ಸುತ್ತಮುತ್ತ! ಕೋಶದೊಳಗೆ ಇರುವವರೆಗೆ ಕವಚ ಕ್ಷೇಮ. ಕೋಶ ಒಡೆದು ಮೀಡಿಯಂಗೆ ಸೋರಿತೋ, ಕೆಲಸ ಕೆಟ್ಟಿತು. ಅದಕ್ಕೇ ಕೋಶಗಳು ಒಡೆಯುವ ಮೊದಲೇ ಇಳಿಸಿ, ಮೀಡಿಯಂ ಚೆಲ್ಲಿ, ಪಿಎಚ್ 7.5ರಿಂದ 8ರ ಬಫರ್‌ನಲ್ಲಿ, ತಣ್ಣಗೆ ಇಟ್ಟುಕೊಂಡು ಒಡೆಯಿರಿ.

ಟೊಳ್ಳು ಕವಚಕ್ಕೆ ಒಳಗಿನಿಂದ ಆರ್‌ಎನ್‌ಎ ಆಸರೆ ಇಲ್ಲದ ಕಾರಣ ಅದು ಬಿಸಿಗೂ ಬೇಗ ಸೋಲುತ್ತದೆ. ಪೆಂಟಮರ್‌ಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ವಿಪಿ2ರ (ಒಡೆಯದ ವಿಪಿ0ಯಲ್ಲಿ ಅದರದೇ ಭಾಗ) 93ನೇ ಅಮೈನೋ ಆಮ್ಲ ಬದಲಿಸಿ ಕವಚ ಗಟ್ಟಿ ಮಾಡಿದ ಉದಾಹರಣೆಗಳಿವೆ. ಎ ಸೀರೋಟೈಪ್‌ನ (ವೈರಸ್ಸಿನ ಏಳು ಬಗೆಗಳಲ್ಲಿ ಒಂದು) ಒಂದು ತಳಿಯಲ್ಲಿ ಅಲ್ಲಿನ ಹಿಸ್ಟಿಡಿನನ್ನು ಸಿಸ್ಟೀನ್ ಮಾಡಿದಾಗ ಎದುರುಬದುರು ಪೆಂಟಮರ್‌ಗಳ ನಡುವೆ ಗಂಧಕದ ಬೆಸುಗೆಯೇ ಬಿದ್ದಿತು. ಆದರೆ ಇದು ಎರಡನೇ ಹೆಜ್ಜೆ. 3ಸಿ ಹದ ಸಿಗದೆ ಇದಕ್ಕೆ ಕೈಹಾಕಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಕವಚವನ್ನು ಹೊರಗೆ ಮಾಡಿ ಕೊಡುವ ಬದಲು ಜೀನನ್ನೇ ಪ್ರಾಣಿಗೆ ಕೊಡುವ ದಾರಿಯೂ ಇದೆ. ಅಡೆನೋವೈರಸ್ 5ರೊಳಗೆ ಪಿ1 ಮತ್ತು 3ಸಿ ಇಟ್ಟ, ಎ ಸೀರೋಟೈಪ್‌ನ ಎ24 ತಳಿಯ ಲಸಿಕೆಗೆ ಅಮೆರಿಕ 2012ರಲ್ಲಿ ಷರತ್ತಿನ ಪರವಾನಗಿ ಕೊಟ್ಟಿತು. ಅಲ್ಲಿ 3ಸಿ ಪ್ರಾಣಿಯ ಕೋಶದೊಳಗೇ ತಯಾರಾಗುತ್ತದೆ, ಶುದ್ಧೀಕರಣದಲ್ಲಿ ತೆಗೆದುಹಾಕುವ ಅವಕಾಶ ಇಲ್ಲ. ಹಾಗಾಗಿ ಮುಂದೆ ಬಳಸಬೇಕೆಂದಿರುವ ಸೋಂಕು ಪರೀಕ್ಷೆಯ ಕಿಟ್‌ನಲ್ಲಿ ಲಸಿಕೆ ಹಾಕಿದ ಪ್ರಾಣಿಯ ಸೀರಮ್ ಮೊದಲೇ ನೋಡಿಬಿಡಿ.

ಇನ್ನು ಸೀರೋಟೈಪ್ ವಿಚಾರ. ಒ, ಎ, ಸಿ, ಏಷ್ಯಾ 1, ಸ್ಯಾಟ್ 1, 2, 3 ಅಂತ ಒಟ್ಟು ಏಳು ಇವೆ. ಸಿ 2004ರ ನಂತರ ಎಲ್ಲೂ ವರದಿಯಾಗಿಲ್ಲ. ಒಂದರ ಲಸಿಕೆ ಇನ್ನೊಂದಕ್ಕೆ ರಕ್ಷಣೆ ಕೊಡುವುದಿಲ್ಲವಾದ್ದರಿಂದ ಪಿ1 ಬದಲಿಸುತ್ತಲೇ ಇರಬೇಕಾಗುತ್ತದೆ. 3ಸಿ ಮಾತ್ರ ಏಳರಲ್ಲೂ ಬಹಳ ಹೋಲುತ್ತದೆ, ಒಂದು ತಳಿಯ 3ಸಿ ಬೇರೆಯದರ ಪಿ1ನ್ನೂ ಸಾಮಾನ್ಯವಾಗಿ ಕತ್ತರಿಸುತ್ತದೆ, ಆದ್ದರಿಂದ ಹದ ಮಾಡಿದ ಅದೇ 3ಸಿಯನ್ನು ಹೊಸ ಪಿ1 ಪಕ್ಕ ಇಡಬಹುದು. ಆದರೆ ಕತ್ತರಿಸುವ ಜಾಗದ ಅಕ್ಕಪಕ್ಕದ ಅಮೈನೋ ಆಮ್ಲಗಳು ಸೀರೋಟೈಪ್‌ಗೆ ತಕ್ಕಂತೆ ಬದಲಾಗುತ್ತವೆ, ಒಂದು ಬೇಗ ತುಂಡಾದರೆ ಇನ್ನೊಂದು ನಿಧಾನ. ಪಿ1 ಬದಲಿಸಿದಾಗಲೆಲ್ಲ ಆ ಐದು ಪ್ರಮಾಣದ ಸಾಲನ್ನು, ಸತ್ತ 3ಸಿ ಸಮೇತ, ಮತ್ತೆ ಹಾಕಿ ನೋಡಿ.